ಸ್ಪೀಕರಿಗೆ ತಕ್ಕ ಆಂಪ್ಲಿಫೈಯರ್

ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರು ನನಗೆ ಬಹುಕಾಲದ ಪರಿಚಿತರು. ಸಂಗೀತ ಕೇಳುವುದು ಅವರಿಗೆ ಊಟ, ನಿದ್ದೆಯಷ್ಟೇ ಅಗತ್ಯ. ನಿವೃತ್ತಿಯ ಸಮಯದಲ್ಲಿ ಕೈಗೆ ಬಂದ ಗ್ರಾಚ್ಯುಟಿ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಬಹುದಿನದ ಆಸೆಯಂತೆ ಉತ್ತಮ ದರ್ಜೆಯ ಒಂದು ಜೊತೆ ಸ್ಪೀಕರುಗಳನ್ನು ಕೊಂಡರು. ಸ್ಪೀಕರಿಗೇ ಹೆಚ್ಚು ಹಣ ಹೋದದ್ದರಿಂದ ಆಂಪ್ಲಿಫೈಯರಿನಲ್ಲಿ ಸ್ವಲ್ಪ ಉಳಿಸೋಣವೆಂದು, ಅಂಗಡಿಯವರ ಸಲಹೆಯಂತೆ ಅರವತ್ತು ವಾಟಿನದೊಂದನ್ನು ತಂದರು. "ಸ್ಪೀಕರ್ ನೂರೈವತ್ತು ವಾಟ್ ತಡೆಯುತ್ತದೆ, ಅರವತ್ತು ವಾಟಿನಿಂದ ಅದಕ್ಕೇನೂ ಆಗದು" ಎಂಬುದು ಅಂಗಡಿಯವರು ಕೊಟ್ಟ ಭರವಸೆ.

ಮೂರು ತಿಂಗಳಾಯಿತು. ಮೊಮ್ಮಗನ ಹುಟ್ಟುಹಬ್ಬದ ಸಂಜೆ ಮನೆ ತುಂಬ ಜನ. ಹಾಡು ಜೋರಾಗಿಯೇ ನಡೆಯಿತು. ಮರುದಿನ ಬೆಳಿಗ್ಗೆ ತಂಬೂರಿಯ ನಾದ ಒಂದು ಕಡೆ ಮಂಕಾಗಿ ಕೇಳಿಸಿತು. ಎಡಗಡೆಯ ಸ್ಪೀಕರಿನಲ್ಲಿ ಟ್ವೀಟರ್, ಅಂದರೆ ಏರುಸ್ವರಗಳನ್ನು ನುಡಿಸುವ ಪುಟ್ಟ ಭಾಗ, ಸುಟ್ಟುಹೋಗಿತ್ತು.

"ಏನ್ರಿ ಇದು? ವಾಟ್ ಹೆಚ್ಚಾದ್ರ ಸುಡಬೇಕು. ಕಡಿಮಿ ಇದ್ರ ಹೆಂಗ ಸುಡ್ತದ?" ಎಂದು ಅವರು ನನ್ನನ್ನು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ. ಒಳ್ಳೆಯ ಸ್ಪೀಕರ್ ಕೊಳ್ಳುವ ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ. ಆಂಪ್ಲಿಫೈಯರಿನ ಮುಖದ ಮೇಲೆ ಬರೆದ ವಾಟನ್ನು ನೋಡಿ ಹೊಂದಾಣಿಕೆಯನ್ನು ನಿರ್ಧರಿಸುತ್ತಾರೆ. ನಿಜವಾಗಿ ನೋಡಬೇಕಾದದ್ದು ಸ್ಪೀಕರಿನ ಬೆನ್ನಿನ ಮೇಲೆ ಬರೆದಿರುವುದನ್ನು, ಆಮೇಲೆ ಅದನ್ನು ಇಡುವ ಕೋಣೆಯನ್ನು. ಸ್ಪೀಕರ್ ಏನು ಬೇಡುತ್ತದೆ ಎಂಬುದನ್ನು ಮೊದಲು ತಿಳಿದು, ಅದನ್ನು ದಣಿಯದೆ ಕೊಡಬಲ್ಲ ಆಂಪ್ಲಿಫೈಯರನ್ನು ಆಮೇಲೆ ಆರಿಸಬೇಕು. ಈ ಲೇಖನದಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

ಟ್ಯಾಂಕು, ನಲ್ಲಿ ಮತ್ತು ಪಂಪು

ಮಾಳಿಗೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಗೆ ತಂದುಕೊಳ್ಳಿ. ಟ್ಯಾಂಕು ಎಷ್ಟು ಎತ್ತರದಲ್ಲಿದೆಯೋ ನೀರಿಗೆ ಅಷ್ಟು ಒತ್ತಡ. ವಿದ್ಯುತ್ತಿನಲ್ಲಿ ಇದು ವೋಲ್ಟೇಜ್. ನಲ್ಲಿಯಿಂದ ಸೆಕೆಂಡಿಗೆ ಹರಿಯುವ ನೀರೇ ಕರೆಂಟು, ಇದನ್ನು ಆಂಪಿಯರಿನಲ್ಲಿ ಅಳೆಯುತ್ತೇವೆ. ನಲ್ಲಿ ನೀರಿಗೆ ಒಡ್ಡುವ ಅಡ್ಡಿಯನ್ನು ಓಮ್‌ನಲ್ಲಿ ಹೇಳುತ್ತೇವೆ. ಓಮ್ ಕಡಿಮೆಯಾದಷ್ಟೂ ನಲ್ಲಿಯ ಬಾಯಿ ದೊಡ್ಡದು, ಹರಿಯುವ ನೀರು ಹೆಚ್ಚು.

ಆಂಪ್ಲಿಫೈಯರ್ ಒಂದು ಟ್ಯಾಂಕಿದ್ದಂತೆ, ಸ್ಪೀಕರ್ ಒಂದು ನಲ್ಲಿಯಿದ್ದಂತೆ. ಸಿ.ಡಿ. ಪ್ಲೇಯರಿನಿಂದ ಬರುವ ದುರ್ಬಲ ಅಲೆಯನ್ನು ಆಂಪ್ಲಿಫೈಯರ್ ದೊಡ್ಡ ವೋಲ್ಟೇಜಿನ ಅಲೆಯಾಗಿ ಮಾಡುತ್ತದೆ. ಆ ವೋಲ್ಟೇಜಿಗೆ ಎಷ್ಟು ಕರೆಂಟು ಹರಿಯಬೇಕೆಂಬುದನ್ನು ತೀರ್ಮಾನಿಸುವುದು ಮಾತ್ರ ಸ್ಪೀಕರ್. ನಲ್ಲಿ ದೊಡ್ಡದಾಗಿದ್ದು ಟ್ಯಾಂಕಿಗೆ ನೀರೇರಿಸುವ ಪಂಪು ಚಿಕ್ಕದಾಗಿದ್ದರೆ ಏನಾಗುತ್ತದೆ? ಮೊದಲು ಧಾರೆ ಚೆನ್ನಾಗಿರುತ್ತದೆ, ಬರಬರುತ್ತ ಸೊರಗುತ್ತದೆ. ಆಂಪ್ಲಿಫೈಯರಿನೊಳಗಿನ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರುಗಳೇ ಆ ಪಂಪು.

ಲೆಕ್ಕಕ್ಕೆ ಒಂದು ಉದಾಹರಣೆ. 8 ಓಮಿಗೆ 50 ವಾಟ್ ಕೊಡುವ ಆಂಪ್ಲಿಫೈಯರ್ ಅಂದರೆ 20 ವೋಲ್ಟ್ ಕೊಡಬಲ್ಲ ಆಂಪ್ಲಿಫೈಯರ್ ಎಂದರ್ಥ. ಆಗ ಹರಿಯುವ ಕರೆಂಟು ಎರಡೂವರೆ ಆಂಪಿಯರ್. ಅದೇ 20 ವೋಲ್ಟನ್ನು 4 ಓಮಿನ ಸ್ಪೀಕರಿಗೆ ಕೊಟ್ಟರೆ 5 ಆಂಪಿಯರ್, 100 ವಾಟ್. 2 ಓಮಿಗೆ 10 ಆಂಪಿಯರ್, 200 ವಾಟ್. ಆಂಪ್ಲಿಫೈಯರಿಗೆ ಆ ಶಕ್ತಿ ಇದ್ದರೆ ಸರಿ. ಇಲ್ಲದಿದ್ದರೆ ಅದು ಬಿಸಿಯಾಗುತ್ತದೆ, ಅಲೆಯನ್ನು ವಿರೂಪಗೊಳಿಸುತ್ತದೆ, ಇಲ್ಲವೇ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಬಾಯಿ ಮುಚ್ಚಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಸ್ಪೀಕರಿನ ಸೂಕ್ಷ್ಮತೆ ಎಷ್ಟು?

ಪ್ರತಿಯೊಂದು ಒಳ್ಳೆಯ ಸ್ಪೀಕರಿನ ಕೈಪಿಡಿಯಲ್ಲಿ ಸೆನ್ಸಿಟಿವಿಟಿ, ಅಂದರೆ ಸೂಕ್ಷ್ಮತೆ, ಎಂಬ ಅಂಕಿ ಇರುತ್ತದೆ. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆಂದು ಅಳೆದ ಅಂಕಿ ಅದು. ಈ ವಿಚಿತ್ರ ಸಂಖ್ಯೆ ಏಕೆಂದರೆ, 8 ಓಮಿಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ ಒಂದು ವಾಟ್ ಆಗುತ್ತದೆ. ಆದರೆ ಸ್ಪೀಕರ್ 4 ಓಮಿನದಾದರೆ ಅದೇ ವೋಲ್ಟೇಜಿಗೆ ಎರಡು ವಾಟ್ ನುಂಗುತ್ತದೆ. ಆದ್ದರಿಂದ 4 ಓಮಿನ ಸ್ಪೀಕರಿನ ಅಂಕಿಯಿಂದ 3 ಡೆಸಿಬೆಲ್ ಕಳೆದು ಓದಿದರೆ ಒಂದು ವಾಟಿಗೆ ಅದು ಎಷ್ಟು ನುಡಿಯುತ್ತದೆಂಬುದು ತಿಳಿಯುತ್ತದೆ.

ಡೆಸಿಬೆಲ್ ಲೆಕ್ಕದಲ್ಲಿ ಎರಡು ಸೂತ್ರಗಳನ್ನು ನೆನಪಿಟ್ಟರೆ ಸಾಕು. ಶಬ್ದ 3 ಡೆಸಿಬೆಲ್ ಏರಬೇಕಾದರೆ ವಾಟ್ ಇಮ್ಮಡಿಯಾಗಬೇಕು. 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟಾಗಬೇಕು. ಆ 10 ಡೆಸಿಬೆಲ್ ಏರಿಕೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರಾದಂತೆ ಕೇಳಿಸುತ್ತದೆ, ಅಷ್ಟೆ. 50 ವಾಟಿನ ಬದಲು 60 ವಾಟಿನದನ್ನು ಕೊಂಡರೆ ದೊರೆಯುವುದು ಒಂದು ಡೆಸಿಬೆಲ್ಲಿಗಿಂತ ಕಡಿಮೆ. ಅದಕ್ಕಾಗಿ ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ಇನ್ನು ನಮಗೆ ಬೇಕಾದ ಶಬ್ದವೆಷ್ಟು? ಮನೆಯಲ್ಲಿ ಗಮನವಿಟ್ಟು ಸಂಗೀತ ಕೇಳುವವರಿಗೆ ಸರಾಸರಿ 78 ಡೆಸಿಬೆಲ್ ಸಾಕಷ್ಟಾಯಿತು. ಆದರೆ ಸಂಗೀತ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ಆಲಾಪ ಸಾಗಿ ಬಂದು ತಬಲಾ ಸಮ್ ಮೇಲೆ ಬೀಳುವ ಕ್ಷಣ, ಮೃದಂಗದ ಒಂದು ಗಟ್ಟಿ ಪೆಟ್ಟು, ಇವು ಸರಾಸರಿಗಿಂತ 15ರಿಂದ 20 ಡೆಸಿಬೆಲ್ ಮೇಲೇಳುತ್ತವೆ. 18 ಎಂದಿಟ್ಟುಕೊಂಡರೆ ಕೂತಲ್ಲಿ 96 ಡೆಸಿಬೆಲ್ ಬೇಕಾಯಿತು. ಸ್ಪೀಕರಿನಿಂದ ಮೂರು ಮೀಟರ್ ದೂರದಲ್ಲಿ ಕೂತರೆ ಶಬ್ದ ತಗ್ಗುತ್ತದೆ. ಎರಡು ಸ್ಪೀಕರುಗಳೂ ಗೋಡೆಗಳೂ ಅದರಲ್ಲಿ ಒಂದಿಷ್ಟನ್ನು ಮರಳಿಸುತ್ತವೆ. ಎಲ್ಲ ಕಳೆದು ಕೂಡಿದರೆ ಸಾಧಾರಣ ಕೋಣೆಯಲ್ಲಿ 5 ಡೆಸಿಬೆಲ್ ನಷ್ಟವೆಂದು ಹಿಡಿಯಬಹುದು. ಒಟ್ಟು 101 ಡೆಸಿಬೆಲ್ ಆಯಿತು. ಈಗ ಲೆಕ್ಕ ಸುಲಭ:

ಸೂಕ್ಷ್ಮತೆ 91 ಡೆಸಿಬೆಲ್ ಇದ್ದರೆ 10 ವಾಟ್ ಬೇಕು.
88 ಡೆಸಿಬೆಲ್ ಇದ್ದರೆ 20 ವಾಟ್.
85 ಡೆಸಿಬೆಲ್ ಇದ್ದರೆ 40 ವಾಟ್.
82 ಡೆಸಿಬೆಲ್ ಇದ್ದರೆ 80 ವಾಟ್.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಬೇಕಾಗುವ ವಾಟು ನಾವು ಹೆದರುವಷ್ಟಿಲ್ಲ. ಎರಡು, ಸ್ಪೀಕರ್ ಬದಲಾದರೆ ಅದೇ ಶಬ್ದಕ್ಕೆ ವಾಟು ಎಂಟು ಪಟ್ಟು ಬದಲಾಗುತ್ತದೆ. ಅಮೆರಿಕದ ಪಾಲ್ ಕ್ಲಿಪ್ಷ್ ಅವರು 1940ರ ದಶಕದಲ್ಲಿ ರೂಪಿಸಿದ, ಕೋಣೆಯ ಮೂಲೆಯಲ್ಲಿಡುವ ಕ್ಲಿಪ್ಷ್‌ಹಾರ್ನ್ ಎಂಬ ದೊಡ್ಡ ಕಹಳೆ ಸ್ಪೀಕರಿನ ಸೂಕ್ಷ್ಮತೆ ಸುಮಾರು 105 ಡೆಸಿಬೆಲ್ ಎನ್ನುತ್ತಾರೆ. ಅದರ ಮುಂದೆ ಒಂದೆರಡು ವಾಟೇ ಮನೆ ತುಂಬುತ್ತದೆ. ಹಾಗಿರುವಾಗ "ಉತ್ತಮ ಸ್ಪೀಕರಿಗೆ ಎಷ್ಟು ವಾಟ್ ಬೇಕು?" ಎಂಬ ಪ್ರಶ್ನೆಗೆ ಒಂದೇ ಉತ್ತರ ಹೇಗೆ ಸಾಧ್ಯ?

ಎರಡನೆಯ ಪ್ರಶ್ನೆ: ಓಮ್ ಎಲ್ಲಿಯವರೆಗೆ ಇಳಿಯುತ್ತದೆ?

ಸ್ಪೀಕರಿನ ಬೆನ್ನಿಗೆ "8 ಓಮ್" ಎಂದು ಬರೆದಿರುತ್ತದೆ. ಅದು ಹೆಸರಿಗೆ ಮಾತ್ರ. ಸ್ಪೀಕರಿನ ಅಡ್ಡಿ ಸ್ವರದಿಂದ ಸ್ವರಕ್ಕೆ ಬದಲಾಗುತ್ತ ಹೋಗುತ್ತದೆ. ಒಂದು ಮಂದ್ರಸ್ವರಕ್ಕೆ 30 ಓಮ್ ಇರಬಹುದು, ಸ್ವಲ್ಪ ಮೇಲಿನ ಇನ್ನೊಂದಕ್ಕೆ 3 ಓಮಿಗೆ ಇಳಿಯಬಹುದು. ಹೀಗೆ ಬದಲಾಗುವ ಅಡ್ಡಿಗೆ ಇಂಪೀಡೆನ್ಸ್ ಎಂದು ಹೆಸರು. ಬರೆದ ಅಂಕಿಯ ಶೇಕಡ 80ಕ್ಕಿಂತ ಅದು ಕೆಳಗಿಳಿಯಬಾರದು, ಅಂದರೆ 8 ಓಮ್ ಎಂದು ಹೇಳಿಕೊಳ್ಳುವ ಸ್ಪೀಕರ್ 6.4 ಓಮಿಗಿಂತ ಇಳಿಯಬಾರದು ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆದರೆ ಬೆಲೆಬಾಳುವ ಸ್ಪೀಕರುಗಳ ತಯಾರಕರಲ್ಲೂ ಎಷ್ಟೋ ಮಂದಿ ಇದನ್ನು ಪಾಲಿಸುವುದಿಲ್ಲ. ಆದ್ದರಿಂದ ಕೈಪಿಡಿಯಲ್ಲಿ "ಕನಿಷ್ಠ ಇಂಪೀಡೆನ್ಸ್" ಎಂಬ ಅಂಕಿಯನ್ನು ಹುಡುಕಿ. ಅದು 4 ಓಮಿಗಿಂತ ಕೆಳಗಿದ್ದರೆ ಎಚ್ಚರ ವಹಿಸಬೇಕು.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಸ್ಪೀಕರಿನಲ್ಲಿ ಸುರುಳಿಗಳೂ ಕೆಪಾಸಿಟರುಗಳೂ ಇರುವುದರಿಂದ ವೋಲ್ಟೇಜೂ ಕರೆಂಟೂ ಯಾವಾಗಲೂ ಒಟ್ಟಿಗೆ ಏರಿ ಇಳಿಯುವುದಿಲ್ಲ. ಗಾಡಿಗೆ ಕಟ್ಟಿದ ಜೋಡಿ ಎತ್ತುಗಳಲ್ಲಿ ಒಂದು ಮುಂದೆ, ಒಂದು ಹಿಂದೆ ಹೆಜ್ಜೆಯಿಟ್ಟರೆ ಗಾಡಿ ಸಾಗುವುದಕ್ಕಿಂತ ನೊಗಕ್ಕೆ ಬೀಳುವ ಪೆಟ್ಟೇ ಹೆಚ್ಚು. ಹಾಗೆಯೇ ಇಲ್ಲಿ ವ್ಯರ್ಥವಾದ ಶ್ರಮವೆಲ್ಲ ಆಂಪ್ಲಿಫೈಯರಿನ ಟ್ರಾನ್ಸಿಸ್ಟರುಗಳಲ್ಲಿ ಬಿಸಿಯಾಗಿ ಕೂರುತ್ತದೆ. ಓಮ್ ಕಡಿಮೆಯಿರುವ ಸ್ವರದಲ್ಲೇ ಈ ಹೆಜ್ಜೆ ತಪ್ಪುವಿಕೆಯೂ ಇದ್ದರೆ ಆ ಸ್ಪೀಕರನ್ನು ನುಡಿಸುವುದು ಕಷ್ಟ.

ಮೂರು ಸ್ಪೀಕರುಗಳ ಪಾಠ

ಈ ಮಾತುಗಳೆಲ್ಲ ಹೆಸರುವಾಸಿಯಾದ ಮೂರು ಸ್ಪೀಕರುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು ಎಲ್‌ಎಸ್ 3/5ಎ. ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಕೂತು ಧ್ವನಿಯನ್ನು ಪರಿಶೀಲಿಸುವವರಿಗಾಗಿ ಬಿ.ಬಿ.ಸಿ.ಯ ಎಂಜಿನಿಯರುಗಳು 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಗಾತ್ರ ಚಪ್ಪಲಿಯ ಡಬ್ಬಿಯಷ್ಟು. ಮನುಷ್ಯಕಂಠವನ್ನು ನಿಜಕ್ಕೆ ಹತ್ತಿರವಾಗಿ ನುಡಿಯುತ್ತದೆಂಬ ಕಾರಣಕ್ಕೆ ಹಲವು ಕಂಪನಿಗಳು ಪರವಾನಗಿ ಪಡೆದು ತಯಾರಿಸಿದವು. ಇದರ ಸೂಕ್ಷ್ಮತೆ ಸುಮಾರು 82.5 ಡೆಸಿಬೆಲ್. ಮೊದಲ ಮಾದರಿಯ ಓಮ್ 15. ಇಲ್ಲಿ 50 ವಾಟಿನ ನಮ್ಮ ಆಂಪ್ಲಿಫೈಯರನ್ನು ತಂದರೆ 20 ವೋಲ್ಟಿಗೆ 15 ಓಮ್, ಅಂದರೆ 27 ವಾಟ್ ಮಾತ್ರ ಸಿಗುತ್ತದೆ. ಕರೆಂಟು ಬೇಡದ ಸ್ಪೀಕರ್ ಇದು. ಇದಕ್ಕೆ ಬೇಕಾದದ್ದು ವೋಲ್ಟೇಜು. ಹೀಗಾಗಿ ಹದವಾದ ವಾಟಿನ ಒಳ್ಳೆಯ ಆಂಪ್ಲಿಫೈಯರ್ ಸಾಕು, ಆದರೆ ದೊಡ್ಡ ಹಜಾರವನ್ನು ತುಂಬುವ ಆಸೆ ಇಟ್ಟುಕೊಳ್ಳಬಾರದು. ಹತ್ತಿರ ಕೂತು ಕೇಳಬೇಕು, ಅದು ಹುಟ್ಟಿದ್ದೇ ಅದಕ್ಕಾಗಿ.

ಎರಡನೆಯದು ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಲ್ಲಿ ಪೀಟರ್ ವಾಕರ್ ಅವರು ರೂಪಿಸಿ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್. ಇದರಲ್ಲಿ ಕಾಗದದ ಕೋನ್ ಇಲ್ಲ. ಅತಿ ತೆಳುವಾದ ಪ್ಲಾಸ್ಟಿಕ್ ಪದರವೊಂದು ವಿದ್ಯುತ್ ಕ್ಷೇತ್ರದಲ್ಲಿ ಕಂಪಿಸಿ ನುಡಿಯುತ್ತದೆ. ಹೆಸರಿಗೆ 16 ಓಮಿನದಾದರೂ ತೀರ ಏರುಸ್ವರಗಳಲ್ಲಿ ಅದು ಸುಮಾರು 2 ಓಮಿಗೆ ಇಳಿಯುತ್ತದೆ. ಅದನ್ನು ನುಡಿಸುತ್ತಿದ್ದದ್ದು ಅದೇ ಕಂಪನಿಯ ಕ್ವಾಡ್ 2 ಎಂಬ 15 ವಾಟಿನ ವಾಲ್ವ್ ಆಂಪ್ಲಿಫೈಯರ್. ಆ ಕಾಲದ ಅತ್ಯುತ್ತಮ ಸ್ಪೀಕರುಗಳಲ್ಲೊಂದಕ್ಕೆ ಹದಿನೈದೇ ವಾಟ್! ಆಮೇಲೆ 1975ರಲ್ಲಿ ಅದೇ ಕಂಪನಿ 405 ಎಂಬ 100 ವಾಟಿನ ಆಂಪ್ಲಿಫೈಯರನ್ನು ತಂದಾಗ, ಈ ಹಳೆಯ ಸ್ಪೀಕರಿನೊಂದಿಗೆ ಬಳಸುವವರಿಗಾಗಿ ವೋಲ್ಟೇಜನ್ನು ಮಿತಿಗೊಳಿಸುವ ವ್ಯವಸ್ಥೆಯನ್ನೂ ಒದಗಿಸಬೇಕಾಯಿತು. ವೋಲ್ಟೇಜು ಹದ್ದುಮೀರಿದರೆ ಒಳಗೆ ಕಿಡಿ ಹಾರಿ ಪದರ ಹಾಳಾಗುತ್ತದೆ. ವಾಟು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ದುಬಾರಿಯಾಗುತ್ತದೆ.

ಮೂರನೆಯದು ಅಮೆರಿಕದ ಅಪೋಜಿ ಕಂಪನಿಯ ಸಿಂಟಿಲ್ಲಾ, 1980ರ ದಶಕದ್ದು. ಲೋಹದ ರಿಬ್ಬನ್ನಿನಿಂದ ನುಡಿಯುವ ಆಳೆತ್ತರದ ಸ್ಪೀಕರ್. ಇದರ ಇಂಪೀಡೆನ್ಸ್ ಒಂದೇ ಓಮ್! ನಮ್ಮ 20 ವೋಲ್ಟಿನ ಲೆಕ್ಕದಲ್ಲಿ ಇದಕ್ಕೆ 20 ಆಂಪಿಯರ್ ಹರಿಯಬೇಕು. ಗೀಸರಿಗೆ ಹಾಕುವ ದೊಡ್ಡ ಪ್ಲಗ್ಗಿನ ಮಿತಿಯೇ 16 ಆಂಪಿಯರ್ ಎಂದರೆ ಇದರ ಗಾತ್ರ ತಿಳಿದೀತು. ಸಾಮಾನ್ಯ ಆಂಪ್ಲಿಫೈಯರುಗಳು ಇದರ ಮುಂದೆ ನಿಲ್ಲುತ್ತಿರಲಿಲ್ಲ. ಓಮ್ ಅರ್ಧವಾದಂತೆಲ್ಲ ವಾಟನ್ನು ಇಮ್ಮಡಿಗೊಳಿಸಬಲ್ಲ ಕ್ರೆಲ್‌ನಂಥ ಭಾರೀ ಆಂಪ್ಲಿಫೈಯರುಗಳು ಹೆಸರು ಮಾಡಿದ್ದು ಇಂಥ ಸ್ಪೀಕರುಗಳ ಜೊತೆಯಲ್ಲಿಯೇ.

ಒಂದಕ್ಕೆ ವೋಲ್ಟೇಜು ಬೇಕು, ಒಂದಕ್ಕೆ ವೋಲ್ಟೇಜು ಮಿತಿಯಲ್ಲಿರಬೇಕು, ಒಂದಕ್ಕೆ ಕರೆಂಟು ಬೇಕು. ಮೂರೂ ಉತ್ತಮ ಸ್ಪೀಕರುಗಳೇ. ಮೂರಕ್ಕೂ ಒಂದೇ ಆಂಪ್ಲಿಫೈಯರ್ ಹೊಂದಲಾರದು.

ಕಡಿಮೆ ವಾಟ್ ಸುಟ್ಟದ್ದು ಹೇಗೆ?

ಈಗ ಧಾರವಾಡದ ಹಿರಿಯರ ಪ್ರಶ್ನೆಗೆ ಬರೋಣ. ಆಂಪ್ಲಿಫೈಯರಿನ ವೋಲ್ಟೇಜಿಗೆ ಒಂದು ಮಿತಿಯಿದೆ. ಅದನ್ನು ಮೀರಿ ಗುಂಡಿ ತಿರುಗಿಸಿದರೆ ಅಲೆಯ ತುದಿ ಮೇಲೇಳಲು ಜಾಗವಿಲ್ಲದೆ, ಕತ್ತಿಯಿಂದ ಕಡಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಆಗ ಎರಡು ಅನಾಹುತಗಳಾಗುತ್ತವೆ.

ಮೂಲ ಸಂಗೀತದಲ್ಲಿ ಶಕ್ತಿಯ ಬಹುಪಾಲು ಕೆಳಗಿನ ಮತ್ತು ನಡುವಿನ ಸ್ವರಗಳದ್ದು. ಏರುಸ್ವರಗಳ ಪಾಲು ತೀರ ಸ್ವಲ್ಪ. ಅದಕ್ಕಾಗಿಯೇ ಟ್ವೀಟರಿನ ಸುರುಳಿಯನ್ನು ಕೂದಲಿನಂಥ ತಂತಿಯಿಂದ ಸುತ್ತಿರುತ್ತಾರೆ. ಸತತವಾಗಿ ಕೆಲವೇ ವಾಟುಗಳನ್ನು ಅದು ತಡೆಯಬಲ್ಲದು. "ನೂರೈವತ್ತು ವಾಟ್ ತಡೆಯುತ್ತದೆ" ಎಂಬುದು ಇಡೀ ಪೆಟ್ಟಿಗೆಗೆ, ಅದೂ ಸಹಜ ಸಂಗೀತಕ್ಕೆ ಹೇಳಿದ ಮಾತು. ಕ್ಲಿಪ್ಪಿಂಗ್ ಆದಾಗ ದೊಡ್ಡ ಅಲೆಗಳು ಮಿತಿಯಲ್ಲೇ ನಿಲ್ಲುತ್ತವೆ, ಆದರೆ ಗುಂಡಿ ತಿರುಗಿಸಿದಷ್ಟೂ ಸಣ್ಣ ಅಲೆಗಳಾದ ಏರುಸ್ವರಗಳು ಬೆಳೆಯುತ್ತಲೇ ಹೋಗುತ್ತವೆ. ಜೊತೆಗೆ ಕತ್ತರಿಸಿದ ಅಲೆಯ ಚೂಪಾದ ಅಂಚುಗಳಿಂದ ಮೂಲದಲ್ಲಿಲ್ಲದ ಹೊಸ ಏರುಸ್ವರಗಳೂ ಹುಟ್ಟುತ್ತವೆ. ಟ್ವೀಟರಿಗೆ ಅದರ ಪಾಲಿಗಿಂತ ಎಷ್ಟೋ ಹೆಚ್ಚು ಬಿಸಿ ಸೇರುತ್ತದೆ. ಇದು ಮೊದಲನೆಯದು. ಎರಡನೆಯದು, ಅಲೆ ಪೂರ್ತಿ ಚೌಕವಾಗುವವರೆಗೆ ಹಿಂಡಿದರೆ 50 ವಾಟಿನ ಆಂಪ್ಲಿಫೈಯರ್ 100 ವಾಟಿನವರೆಗೂ ಹೊರಹಾಕಬಲ್ಲದು. ನಡುನಡುವೆ ಉಸಿರಾಡಲು ಬಿಡುವೇ ಇಲ್ಲದ ವಾಟು ಅದು.

ಹಿರಿಯರ ಸ್ಪೀಕರಿನ ಕೈಪಿಡಿಯನ್ನು ತರಿಸಿ ನೋಡಿದೆ. ಸೂಕ್ಷ್ಮತೆ 86 ಡೆಸಿಬೆಲ್, 4 ಓಮ್, ಕನಿಷ್ಠ 2.8 ಓಮ್. ಅಂದರೆ ಒಂದು ವಾಟಿಗೆ ನಿಜವಾಗಿ 83 ಡೆಸಿಬೆಲ್. ನಮ್ಮ ಪಟ್ಟಿಯಂತೆ ಸಾಧಾರಣವಾಗಿ ಕೇಳುವುದಕ್ಕೇ ಹೆಚ್ಚುಕಡಿಮೆ 60 ವಾಟ್ ಬೇಕು. ಹುಟ್ಟುಹಬ್ಬದ ಗಲಾಟೆಯಲ್ಲಿ ಅದರ ಹತ್ತು ಪಟ್ಟು ಕೇಳಿದ್ದರೋ ಏನೋ! ಅವರ ಆಂಪ್ಲಿಫೈಯರಿನ 60 ವಾಟ್ ಎಂಬುದು 8 ಓಮಿಗೆ ಹೇಳಿದ ಮಾತು. 4 ಓಮಿಗೆ ಎಷ್ಟೆಂದು ಅದರ ಕೈಪಿಡಿ ಹೇಳಿಯೇ ಇರಲಿಲ್ಲ. ಆ ಮೌನದಲ್ಲೇ ಉತ್ತರವಿತ್ತು.

ಒಂದು ಎಚ್ಚರಿಕೆಯ ಮಾತು. ದೊಡ್ಡ ಆಂಪ್ಲಿಫೈಯರ್ ಇದ್ದರೆ ಸ್ಪೀಕರ್ ಸುಡುವುದಿಲ್ಲ ಎಂದು ಇದರ ಅರ್ಥವಲ್ಲ. ಧ್ವನಿ ಒರಟಾದೊಡನೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಗುಂಡಿ ಅರ್ಧಕ್ಕಿದೆ, ಇನ್ನೂ ಅರ್ಧ ಶಕ್ತಿ ಉಳಿದಿದೆ ಎಂದು ತಿಳಿಯುವುದೂ ತಪ್ಪು. ಸಿ.ಡಿ. ಪ್ಲೇಯರುಗಳಿಂದ ಬರುವ 2 ವೋಲ್ಟಿನ ಸಂಕೇತಕ್ಕೆ ಎಷ್ಟೋ ಆಂಪ್ಲಿಫೈಯರುಗಳು ಅರ್ಧ ಗುಂಡಿಯಲ್ಲೇ ಪೂರ್ತಿ ಶಕ್ತಿ ತಲುಪಿಬಿಡುತ್ತವೆ.

ಓಮಿಗೆ ಓಮ್ ಸರಿಹೋಗಬೇಕೆ?

ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಹಾಗಿಲ್ಲ. ಆಂಪ್ಲಿಫೈಯರಿನ ಒಳಗಿನ ಅಡ್ಡಿ ಸ್ಪೀಕರಿನದಕ್ಕಿಂತ ತೀರ ಕಡಿಮೆ ಇರಬೇಕು, ಸಾಮಾನ್ಯವಾಗಿ ಒಂದು ಓಮಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆಯೇ ಇರುತ್ತದೆ. ಆಗ ಸ್ಪೀಕರಿನ ಓಮ್ ಎಷ್ಟೇ ಏರಿಳಿದರೂ ಅದಕ್ಕೆ ತಲುಪುವ ವೋಲ್ಟೇಜು ಕದಲುವುದಿಲ್ಲ.

ವಾಲ್ವ್ ಆಂಪ್ಲಿಫೈಯರುಗಳಲ್ಲಿ ಕೊನೆಗೊಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಬೆನ್ನ ಮೇಲೆ 4, 8, 16 ಓಮ್ ಎಂದು ಬೇರೆ ಬೇರೆ ತಿರುಪುಗಳಿರುತ್ತವೆ. ಸ್ಪೀಕರಿಗೆ ಸರಿಯಾದದ್ದಕ್ಕೆ ತಂತಿ ಜೋಡಿಸಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ಎಂದೂ ನುಡಿಸಬಾರದು, ಟ್ರಾನ್ಸ್‌ಫಾರ್ಮರಿಗೆ ಅಪಾಯ. ಇವುಗಳಲ್ಲಿ ಕೆಲವಕ್ಕೆ ಒಳಗಿನ ಅಡ್ಡಿಯೇ 2 ಓಮ್ ಇರುತ್ತದೆ. ಸ್ಪೀಕರಿನ ಓಮ್ 4ರಿಂದ 20ರವರೆಗೆ ಓಲಾಡಿದರೆ, 20 ಓಮ್ ಇರುವ ಸ್ವರ 4 ಓಮ್ ಇರುವ ಸ್ವರಕ್ಕಿಂತ ಸುಮಾರು ಎರಡೂವರೆ ಡೆಸಿಬೆಲ್ ಹೆಚ್ಚು ನುಡಿಯುತ್ತದೆ. ಕಿವಿಗೆ ತಿಳಿಯುವಷ್ಟೇ ವ್ಯತ್ಯಾಸ ಅದು. ಕೆಲವರಿಗೆ ಆ ಬಣ್ಣ ಹಿತವೆನಿಸಬಹುದು. ಆದರೆ ಅದು ಆ ಸ್ಪೀಕರಿನ ಜೊತೆ ಸೇರಿದ್ದರಿಂದ ಬಂದ ಬಣ್ಣ. ಬೇರೆ ಸ್ಪೀಕರಿನ ಜೊತೆ ಬೇರೆಯಾದೀತು.

ಸ್ಪೀಕರ್ ತಂತಿಯ ವಿಷಯವೂ ಇಷ್ಟೇ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಐದು ಮೀಟರ್ ಹೋಗಿ ಬರುವಷ್ಟಕ್ಕೆ ಒಡ್ಡುವ ಅಡ್ಡಿ ಸುಮಾರು 0.07 ಓಮ್. ಮನೆಗಳಿಗೆ ಅದು ಧಾರಾಳವಾಯಿತು. ಸಾವಿರಾರು ರೂಪಾಯಿಯ ಕೇಬಲ್ಲಿಗಾಗಿ ಆಂಪ್ಲಿಫೈಯರಿನ ಹಣವನ್ನು ಕಡಿತಗೊಳಿಸಬೇಡಿ.

ಜಾಹೀರಾತಿನ ವಾಟು, ಲೆಕ್ಕದ ವಾಟು

1990ರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರ, ಎರಡು ಸಾವಿರ ವಾಟ್ ಬರೆದಿರುತ್ತಿದ್ದದ್ದು ಹಲವರಿಗೆ ನೆನಪಿದ್ದೀತು. ಅದಕ್ಕೆ ಯಾವ ಮಾನಕವೂ ಇರಲಿಲ್ಲ. ಅಮೆರಿಕದಲ್ಲಿ ಇಂಥ ಅಂಕಿಗಳಿಗೆ ಕಡಿವಾಣ ಹಾಕಲು 1974ರಲ್ಲೇ ನಿಯಮ ತಂದರು, 2024ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ನೀವು ಕೇಳಬೇಕಾದದ್ದು ಇಷ್ಟು: ಎರಡೂ ಚಾನೆಲ್ಲುಗಳು ಒಟ್ಟಿಗೆ ನುಡಿಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, ಸತತವಾಗಿ 8 ಓಮಿಗೆ ಎಷ್ಟು ವಾಟ್? 4 ಓಮಿಗೆ ಎಷ್ಟು? ಎರಡನೆಯ ಅಂಕಿ ಮೊದಲನೆಯದರ ಒಂದೂವರೆ ಪಟ್ಟಿಗಿಂತ ಹೆಚ್ಚಿದ್ದರೆ ಒಳಗಿನ ಪಂಪು ಗಟ್ಟಿಯಿದೆ ಎಂದು ತಿಳಿಯಬಹುದು.

ಶಕ್ತಿ ಸಾಕಷ್ಟಿದ್ದು, ವಿರೂಪವಿಲ್ಲದೆ ನುಡಿಯುವ ಎರಡು ಆಂಪ್ಲಿಫೈಯರುಗಳ ನಡುವೆ ಉಳಿಯುವ ವ್ಯತ್ಯಾಸ ನಾವು ಭಾವಿಸುವುದಕ್ಕಿಂತ ಕಡಿಮೆ. 1978ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಜೇಮ್ಸ್ ಮೋಯರ್ ಅವರು ಕ್ವಾಡ್ ಕಂಪನಿಯ ವಾಲ್ವ್ ಆಂಪ್ಲಿಫೈಯರನ್ನೂ ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳನ್ನೂ ಯಾವುದು ಯಾವುದೆಂದು ತಿಳಿಸದೆ ಅನುಭವಿ ಶ್ರೋತೃಗಳಿಗೆ ಕೇಳಿಸಿದಾಗ, ಅವರಿಗೆ ಅವುಗಳನ್ನು ಖಚಿತವಾಗಿ ಗುರುತಿಸಲಾಗಲಿಲ್ಲ. ಅಂಗಡಿಯಲ್ಲಿ ಹೋಲಿಸುವಾಗ ಇದು ನೆನಪಿರಲಿ. ಎರಡರ ಶಬ್ದವನ್ನೂ ಸಮನಾಗಿ ಇಟ್ಟು ಕೇಳಿಸಲು ಹೇಳಿ. ಸ್ವಲ್ಪ ಜೋರಾಗಿ ನುಡಿಯುವುದೇ ನಮ್ಮ ಕಿವಿಗೆ ಉತ್ತಮವೆನಿಸುವುದು ಸಹಜ.

ಕೋಣೆಯೂ ಕಿವಿಯೂ

ನಮ್ಮ ಮನೆಗಳಲ್ಲಿ ಮೊಸಾಯಿಕ್ ಅಥವಾ ಗ್ರಾನೈಟ್ ನೆಲ, ಗಾರೆಯ ಗೋಡೆ, ಬರಿಯ ಚಾವಣಿ. ಧ್ವನಿ ಇವುಗಳಿಗೆ ಬಡಿದು ಮರಳುತ್ತದೆ. ಮಾತು ಸ್ಪಷ್ಟವಾಗದಿದ್ದಾಗ ನಾವು ಗುಂಡಿ ತಿರುಗಿಸುತ್ತೇವೆ, ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ. ಸ್ಪೀಕರಿನ ಮುಂದೆ ಒಂದು ದಪ್ಪ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಇವುಗಳಿಂದ ಆಗುವ ಉಪಕಾರ ಐವತ್ತು ವಾಟ್ ಹೆಚ್ಚಿಸಿದರೂ ಆಗದು.

ಕಿವಿಯನ್ನೂ ಮರೆಯಬಾರದು. ವಾರಕ್ಕೆ 80 ಡೆಸಿಬೆಲ್ಲಿನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿದ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಟ್ವೀಟರ್ ಸುಟ್ಟರೆ ಬೇರೆಯದನ್ನು ಹಾಕಿಸಬಹುದು, ಕಿವಿಗೆ ಬೇರೆಯದು ಸಿಗುವುದಿಲ್ಲ.

ವೀಕ್ಷಕರ ಪ್ರಶ್ನೆಗಳು

60 ವಾಟ್ ಎಂದು ಬರೆದ ಸ್ಪೀಕರಿಗೆ 100 ವಾಟಿನ ಆಂಪ್ಲಿಫೈಯರ್ ಹಾಕಬಹುದೆ?
ಹಾಕಬಹುದು. ನೂರು ವಾಟಿನದು ಯಾವಾಗಲೂ ನೂರನ್ನೇ ಕೊಡುವುದಿಲ್ಲ, ಸಾಧಾರಣವಾಗಿ ಕೇಳುವಾಗ ಹರಿಯುವ ಸರಾಸರಿ ಒಂದೆರಡು ವಾಟ್ ಮಾತ್ರ. ಉಳಿದದ್ದು ತಬಲಾದ ಪೆಟ್ಟಿಗೆ ಮೀಸಲು. ಗುಂಡಿಯ ಮೇಲೆ ಹಿಡಿತವಿರಲಿ.

ಒಂದೇ ಆಂಪ್ಲಿಫೈಯರಿಗೆ ಎರಡು ಜೊತೆ ಸ್ಪೀಕರ್ ಜೋಡಿಸಬಹುದೆ?
ಸಮಾಂತರವಾಗಿ ಜೋಡಿಸಿದರೆ 8 ಓಮಿನ ಎರಡು ಸೇರಿ 4 ಓಮ್ ಆಗುತ್ತದೆ, 4 ಓಮಿನ ಎರಡು ಸೇರಿ 2 ಓಮ್. ಆಂಪ್ಲಿಫೈಯರ್ ಅಷ್ಟಕ್ಕೆ ಸಿದ್ಧವಿದೆಯೇ ಎಂದು ಕೈಪಿಡಿ ನೋಡಿ.

ಹಗುರವಾದ ಆಂಪ್ಲಿಫೈಯರ್ ಕಳಪೆಯೆ?
ಹಿಂದೆ ಭಾರವೇ ಗುಣದ ಗುರುತಾಗಿತ್ತು. ಈಗ ಕ್ಲಾಸ್ ಡಿ ಎಂಬ ವಿಧಾನದಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ಬಹಳ ಕಡಿಮೆ. ಅಂಗೈಯಗಲದ ಪೆಟ್ಟಿಗೆಯಲ್ಲೂ ನೂರು ವಾಟ್ ದೊರೆಯುತ್ತದೆ. ತೂಕ ನೋಡಬೇಡಿ, 4 ಓಮಿನ ಅಂಕಿ ನೋಡಿ.

ಊರಿನಲ್ಲಿ ವೋಲ್ಟೇಜು ಇಳಿಯುತ್ತದೆ. ತೊಂದರೆಯೆ?
230 ವೋಲ್ಟ್ ಇರಬೇಕಾದಲ್ಲಿ 200 ಆದರೆ ಸಾಂಪ್ರದಾಯಿಕ ಆಂಪ್ಲಿಫೈಯರಿನ ಗರಿಷ್ಠ ವಾಟು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಡೆಸಿಬೆಲ್ಲಿನಲ್ಲಿ ಅದು ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿರಬೇಕು. ಗುಂಯ್ ಎಂಬ ಶಬ್ದ ಹೋಗಲೆಂದು ಅರ್ಥ್ ಪಿನ್ನನ್ನು ಕೀಳುವವರಿದ್ದಾರೆ. ಪ್ರಾಣಕ್ಕೆ ಅಪಾಯ, ಎಂದಿಗೂ ಹಾಗೆ ಮಾಡಬೇಡಿ.

ಈ ತಲೆನೋವೇ ಬೇಡವೆಂದರೆ?
ಆಂಪ್ಲಿಫೈಯರನ್ನು ಒಳಗೇ ಅಳವಡಿಸಿದ ಆಕ್ಟಿವ್ ಸ್ಪೀಕರುಗಳು ಸಿಗುತ್ತವೆ. ಹೊಂದಿಸುವ ಕೆಲಸವನ್ನು ತಯಾರಕರೇ ಮಾಡಿರುತ್ತಾರೆ.

ಕೊನೆಗೆ ಧಾರವಾಡದ ಮನೆಯ ಸಂಗತಿ. ಟ್ವೀಟರ್ ಬದಲಾಯಿಸಲಾಯಿತು. 8 ಓಮಿಗೆ 100, 4 ಓಮಿಗೆ 180 ವಾಟ್ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದ ಒಂದು ಆಂಪ್ಲಿಫೈಯರನ್ನು ಮನೆಗೇ ತರಿಸಿ, ಎರಡು ದಿನ ಕೇಳಿ ಕೊಂಡೆವು. ಕುರ್ಚಿಯನ್ನು ಗೋಡೆಯಿಂದ ಎಳೆದು ಸ್ಪೀಕರುಗಳಿಗೆ ಒಂದು ಮೀಟರ್ ಹತ್ತಿರ ತಂದೆವು. ಅಟ್ಟದ ಮೇಲೆ ಸುತ್ತಿಟ್ಟಿದ್ದ ಹಳೆಯ ಜಮಖಾನೆಯನ್ನು ಹಾಸಿದೆವು. ಆ ಸಂಜೆ ಅವರು ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವೊಂದನ್ನು ಹಚ್ಚಿದರು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಎದ್ದು ಗುಂಡಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ತಿರುಗಿಸಿದರು.

"ಈಗ ಸಣ್ಣಗ ಇಟ್ರೂ ಎಲ್ಲಾ ಕೇಳಸ್ತದ ನೋಡ್ರಿ" ಎಂದರು.